ಉಚಿತಕ್ಕೂ ಪಾವತಿಗೂ ನಡುವೆ

ಚಿಕ್ಕೋಡಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ 1989ರ ಆದೇಶವು ವಾರ್ಷಿಕ ಶುಲ್ಕ ಗೊತ್ತುಪಡಿಸಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡನಾಡಿನವರಿಗೆ 25,000, ಹೊರಗಿನವರಿಗೆ 60,000. ಆ ಕೊನೆಯ ಮೊತ್ತವನ್ನು 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರದ್ದುಗೊಳಿಸಿತು. 1993ರ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟು ಉಚಿತ, ಅರ್ಧ ಪಾವತಿ ಎಂದಿತು.

ಮರುವರ್ಷ ನಿಪ್ಪಾಣಿಯ ತಂಬಾಕು ವಖಾರಿಯ ಗುಮಾಸ್ತರೊಬ್ಬರು ಮಗಳ ಅಂಕಪಟ್ಟಿ ಹಿಡಿದು ಬಂದರು. ಉಚಿತ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು.

"ಗುರುಗಳs, ಬಡವ ಅನ್ನಾಕ ಪಗಾರ ಅಡ್ಡ ಬರತೈತಿ, ಪಾವತಿ ಸೀಟಿಗೆ ಮಾರಾಕ ಹೊಲ ಇಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಡವಿಲ್ಲದೆ ನಾಲ್ಕು ಲಕ್ಷದವರೆಗೆ ಸಾಲ ನೀಡುವ ಬ್ಯಾಂಕುಗಳ ಮಾದರಿ ಯೋಜನೆ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಆಕೆ ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಅಥಣಿಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದಳು.