ಕನ್ನಡಿ ಇಲ್ಲದ ಕ್ಯಾಮೆರಾ: ರಾಯಕೋಟೆಯಿಂದ ಅದಿಯಮಾನ್‌ಕೋಟೆವರೆಗೆ ಒಂದು ಚರಿತ್ರೆ

ಧರ್ಮಪುರಿಯಿಂದ ಸೇಲಂ ರಸ್ತೆ ಹಿಡಿದರೆ ಬೇಗನೆ ಸಿಗುವ ಊರು ಅದಿಯಮಾನ್‌ಕೋಟೆ. ಅವ್ವೈಯಾರಿಗೆ ನೆಲ್ಲಿಕಾಯಿ ಕೊಟ್ಟನೆಂದು ತಮಿಳು ನಾಡೆಲ್ಲ ನೆನೆಯುವ ಅದಿಯಮಾನನ ಹೆಸರು ಈ ಊರಿಗಿದೆ. ಕೋಟೆಯಲ್ಲಿ ಈಗ ಉಳಿದಿರುವುದು ಕಡಿಮೆ. ಆದರೆ ಚೆನ್ನರಾಯ ಪೆರುಮಾಳ್ ದೇವಾಲಯದ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳಿವೆ. ಈ ಸೀಮೆಯ ಹೊಲಗಳ ಅಂಚಿನಲ್ಲಿ ವೀರಗಲ್ಲುಗಳಿವೆ. ಧರ್ಮಪುರಿಯಲ್ಲಿ ನೊಳಂಬ ಅರಸರ ಕಾಲದ, ಒಂಬತ್ತನೆಯ ಶತಮಾನದ ಕನ್ನಡ ಶಾಸನಗಳು ದೊರೆತಿವೆ. ಬಣ್ಣ ಮಾಸುತ್ತದೆ, ಕಲ್ಲಿನ ಅಕ್ಷರ ಸವೆಯುತ್ತದೆ. ಅದಕ್ಕೆ ಮೊದಲು ಒಂದು ಒಳ್ಳೆಯ ಚಿತ್ರ ತೆಗೆದಿಡಬೇಕು ಎಂದು ಯಾರಿಗಾದರೂ ಅನ್ನಿಸಿದರೆ ಮುಂದಿನ ಪ್ರಶ್ನೆ: ಯಾವ ಕ್ಯಾಮೆರಾ?

ಈಗ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಮಿರರ್‌ಲೆಸ್. ಚಿಕ್ಕದು, ಹಗುರ, ಹೊಸದು ಎನ್ನುತ್ತಾರೆ. ಅದರ ಗುಣವೇನು, ದೋಷವೇನು ಎಂಬುದನ್ನು ಅಂಗಡಿಯ ಜಾಹೀರಾತಿಗಿಂತ ಚರಿತ್ರೆಯೇ ಚೆನ್ನಾಗಿ ಹೇಳುತ್ತದೆ. ಆ ಚರಿತ್ರೆಯ ಒಂದು ಮೊದಲ ಪುಟ ಇದೇ ಸೀಮೆಯಲ್ಲಿದೆ.

ಗಾಡಿಯ ಮೇಲೆ ಬಂದ ಕ್ಯಾಮೆರಾ

ಲಿನಿಯಸ್ ಟ್ರೈಪ್ ಎಂಬಾತ ಮದ್ರಾಸ್ ಸೈನ್ಯದ ಅಧಿಕಾರಿ. 1854ರಲ್ಲೇ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದವನು. ಮುಂದೆ ಮದ್ರಾಸ್ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು, 1857ರ ಕೊನೆಯಿಂದ 1858ರವರೆಗೆ ತಮಿಳು ನಾಡಿನಲ್ಲಿ ದೀರ್ಘ ಪ್ರವಾಸ ಮಾಡಿದ. ಶ್ರೀರಂಗ, ಮಧುರೆ, ತಂಜಾವೂರುಗಳ ಜೊತೆಗೆ ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಇತರ ಸ್ಥಳಗಳ ಚಿತ್ರಗಳದೇ ಒಂದು ಸಂಪುಟ 1858ರಲ್ಲಿ ಹೊರಬಂತು. ಅಂದಿನ ಸೇಲಂ ಜಿಲ್ಲೆಯಲ್ಲಿ ಇಂದಿನ ಧರ್ಮಪುರಿ, ಕೃಷ್ಣಗಿರಿ ಎರಡೂ ಸೇರಿದ್ದವು.

ಟ್ರೈಪ್‌ನ ಸಾಮಾನುಗಳು ಎತ್ತಿನ ಗಾಡಿಗಳಲ್ಲಿ ಸಾಗುತ್ತಿದ್ದವು. ಅವನ ನೆಗೆಟಿವ್ ಒಂದೊಂದೂ ಸುಮಾರು ಒಂದಡಿ ಅಗಲ, ಒಂದೂಕಾಲು ಅಡಿ ಉದ್ದ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಹಾಗಾಗಿ ದೊಡ್ಡ ಚಿತ್ರ ಬೇಕಾದರೆ ದೊಡ್ಡ ಪೆಟ್ಟಿಗೆಯನ್ನೇ ಹೊರಬೇಕಿತ್ತು.

ಆಗ ಎರಡು ವಿಧಾನಗಳಿದ್ದವು. ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿಯುವುದು ಒಂದು. ಚಿತ್ರ ಬಹಳ ಸ್ಪಷ್ಟ, ಆದರೆ ಬಳಿದದ್ದು ಒಣಗುವುದರೊಳಗೆ ಚಿತ್ರ ತೆಗೆದು, ಅಲ್ಲೇ ಸಂಸ್ಕರಿಸಬೇಕು. ನಮ್ಮ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಹಸಿಯಾಗಿರುತ್ತದೆ, ಊಹಿಸಿ. ಇನ್ನೊಂದು, ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ಮೇಣ ಹಚ್ಚಿದ ಕಾಗದದ ವಿಧಾನ. ಸ್ಪಷ್ಟತೆ ಸ್ವಲ್ಪ ಕಡಿಮೆ, ಬೆಳಕು ಹೆಚ್ಚು ಹೊತ್ತು ಬೇಕು. ಆದರೆ ಕಾಗದವನ್ನು ದಿನಗಳ ಮೊದಲೇ ಸಿದ್ಧಪಡಿಸಿಕೊಂಡು, ತೆಗೆದ ಮೇಲೂ ನಿಧಾನವಾಗಿ ಸಂಸ್ಕರಿಸಬಹುದು. ಟ್ರೈಪ್ ಹೆಚ್ಚಾಗಿ ನೆಚ್ಚಿಕೊಂಡದ್ದು ಕಾಗದವನ್ನು. ಸ್ಪಷ್ಟತೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ದಾರಿಯಲ್ಲಿ ಕೆಲಸ ಮಾಡುವ ಅನುಕೂಲ ಪಡೆದ.

ಕ್ಯಾಮೆರಾದ ಚರಿತ್ರೆಯನ್ನೆಲ್ಲ ಈ ಒಂದು ಮಾತಿನಲ್ಲಿ ಹೇಳಬಹುದು. ಹಗುರಾಗಬೇಕಾದರೆ ಏನನ್ನಾದರೂ ಬಿಟ್ಟುಕೊಡಬೇಕು. ಏನನ್ನು ಬಿಡುತ್ತಿದ್ದೇವೆ ಎಂಬ ಅರಿವು ಮಾತ್ರ ಇರಬೇಕು.

ಕನ್ನಡಿ ಬಂದದ್ದು ಏಕೆ?

ಮಿರರ್‌ಲೆಸ್ ಹೊಸದು ಎಂಬ ಮಾತು ಅರ್ಧ ಮಾತ್ರ ನಿಜ. ಮೊದಲ ಕ್ಯಾಮೆರಾಗಳಲ್ಲಿ ಕನ್ನಡಿ ಇರಲಿಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಉಬ್ಬಸದ ರೋಗಿ. ಭಾರದ ಕ್ಯಾಮೆರಾ ಹೊತ್ತು ಬೆಟ್ಟ ಹತ್ತಲಾರದೆ, ಸಿನಿಮಾ ಫಿಲ್ಮನ್ನೇ ಬಳಸುವ ಪುಟ್ಟ ಕ್ಯಾಮೆರಾ ರೂಪಿಸಿದ. ಅದು 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲೂ ಕನ್ನಡಿ ಇಲ್ಲ. ಮೇಲಿನ ಒಂದು ಕಿಂಡಿಯಲ್ಲಿ ನೋಡಿ, ಕೆಳಗಿನ ಲೆನ್ಸಿನಲ್ಲಿ ಚಿತ್ರ ತೆಗೆಯಬೇಕು. ಕಣ್ಣು ಕಂಡದ್ದೂ ಲೆನ್ಸು ಕಂಡದ್ದೂ ಒಂದೇ ಅಲ್ಲ. ಹತ್ತಿರದ ವಸ್ತುವಿನ ಚಿತ್ರದಲ್ಲಿ ತಲೆಯೇ ಕತ್ತರಿಸಿ ಹೋಗುವುದು ಇದೇ ಕಾರಣಕ್ಕೆ.

ಈ ಕೊರತೆ ನೀಗಲು ಕನ್ನಡಿ ಬಂತು. ಲೆನ್ಸಿನ ಹಿಂದೆ ಓರೆಯಾಗಿ ಕನ್ನಡಿ ಇಟ್ಟರೆ ಬೆಳಕು ಮೇಲಕ್ಕೆ ತಿರುಗಿ, ಪಟ್ಟಕದ ಮೂಲಕ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಎದ್ದು ಫಿಲ್ಮಿಗೆ ದಾರಿ ಬಿಡುತ್ತದೆ. 1959ರ ನಿಕಾನ್ ಎಫ್ ಈ ಬಗೆಯ ಎಸ್‌ಎಲ್‌ಆರ್ ಕ್ಯಾಮೆರಾಗಳನ್ನು ಪತ್ರಿಕಾ ಛಾಯಾಗ್ರಾಹಕರ ಕೈಗೆ ತಲುಪಿಸಿತು. ಮುಂದೆ ನಮ್ಮ ಮದುವೆ ಮನೆಗಳಿಗೂ ಅವು ಬಂದವು.

ಕನ್ನಡಿಗೆ ಅಲುಗಾಡಲು ಜಾಗ ಬೇಕು. ನಿಕಾನ್ ಎಫ್‌ನಲ್ಲಿ ಲೆನ್ಸ್ ಕೂರುವ ಬಾಯಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. ಕ್ಯಾಮೆರಾ ದಪ್ಪಗಾದದ್ದು, ತಲೆಯ ಮೇಲೆ ಗೂನು ಬಂದದ್ದು, ಕ್ಲಿಕ್ಕಿಸಿದಾಗ ಕಟಕ್ ಎಂದು ಸದ್ದಾಗುವುದು ಎಲ್ಲವೂ ಕನ್ನಡಿಯ ಬಾಡಿಗೆ.

ಕನ್ನಡಿ ಮತ್ತೆ ಹೋಯಿತು

ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂದ ಮೇಲೆ ಕನ್ನಡಿಯ ಕೆಲಸವೇ ಅನಗತ್ಯವಾಯಿತು. ಸೆನ್ಸರ್ ಕಂಡದ್ದನ್ನು ನೇರವಾಗಿ ಪುಟ್ಟ ಪರದೆಗೆ ಕಳಿಸಿದರಾಯಿತು. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂತು. 2009ರಲ್ಲಿ ಒಲಿಂಪಸ್ ಇ-ಪಿ1 ಬಂದಾಗ ಕ್ಯಾಮೆರಾ ನಿಜವಾಗಿಯೂ ಚಿಕ್ಕದಾಯಿತು. ಆದರೆ ಅದರಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ, ಫ್ಲ್ಯಾಶೂ ಇಲ್ಲ. 2010ರಲ್ಲಿ ಸೋನಿ ನೆಕ್ಸ್-5 ಬಂತು. ಇಲ್ಲಿ ಲೆನ್ಸಿನ ಬಾಯಿಂದ ಸೆನ್ಸರ್‌ಗೆ 18 ಮಿಲಿಮೀಟರ್ ಮಾತ್ರ. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ದೊಡ್ಡ ಸೆನ್ಸರಿನ ಮಿರರ್‌ಲೆಸ್ ಹೊರತಂದ ಮೇಲೆ ದಾರಿ ಪೂರ್ತಿ ತಿರುಗಿತು.

ಗುಣಗಳು

ಅದಿಯಮಾನ್‌ಕೋಟೆಯ ಛಾವಣಿ ಚಿತ್ರಗಳನ್ನೇ ನೆನೆಯಿರಿ. ಒಳಗೆ ಮಬ್ಬು ಬೆಳಕು. ಹಳೆಯ ಬಣ್ಣದ ಮುಂದೆ ಫ್ಲ್ಯಾಶ್ ಬಳಸದಿರುವುದೇ ಮರ್ಯಾದೆ, ಅನುಮತಿ ಕೇಳಿಯೇ ಕ್ಯಾಮೆರಾ ಎತ್ತಬೇಕು. ಇಂಥಲ್ಲಿ ಮಿರರ್‌ಲೆಸ್ ಒಳ್ಳೆಯ ಜೊತೆಗಾರ. ಪರದೆ ಮಡಚುವಂಥದಾದರೆ ಕತ್ತು ನೋಯಿಸಿಕೊಳ್ಳದೆ ಮೇಲೆ ನೋಡಬಹುದು. ಚಿತ್ರ ಕಪ್ಪಾಗುತ್ತದೋ ಬೆಳ್ಳಗಾಗುತ್ತದೋ ಎಂಬುದು ಗುಂಡಿ ಒತ್ತುವ ಮೊದಲೇ ಕಾಣುತ್ತದೆ. ಸೆನ್ಸರನ್ನೇ ಅಲುಗಿಸಿ ಕೈ ನಡುಕವನ್ನು ಸರಿದೂಗಿಸುವ ಏರ್ಪಾಡು ಕೆಲವು ಮಾದರಿಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. ಕೊಳ್ಳುವ ಮೊದಲು ಕೇಳಿ.

ವೀರಗಲ್ಲಿಗೆ ಬೇಕಾದದ್ದು ಪಕ್ಕದಿಂದ ಬೀಳುವ ಬೆಳಕು. ಸವೆದ ಅಕ್ಷರ ಆಗ ನೆರಳಿನಿಂದ ಎದ್ದು ಕಾಣುತ್ತದೆ. ಪರದೆಯಲ್ಲಿ ಅಕ್ಷರವನ್ನು ಹಿಗ್ಗಿಸಿ ಫೋಕಸ್ ಸರಿನೋಡಿಕೊಳ್ಳಬಹುದು. ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕದ ಪುಟಗಳನ್ನು ತೆಗೆಯುವವರಿಗೂ ಇದೇ ಉಪಾಯ. ಬಲಿಪೂಜೆಯ ಮೌನದ ಹೊತ್ತಿನಲ್ಲಿ ಸದ್ದೇ ಇಲ್ಲದ ಶಟರ್ ಎಷ್ಟು ದೊಡ್ಡ ಉಪಕಾರವೆಂದು ಬೇರೆ ಹೇಳಬೇಕಿಲ್ಲ.

ದೋಷಗಳು

ಮೊದಲನೆಯದು ಬ್ಯಾಟರಿ. ಪರದೆ ಸದಾ ಉರಿಯುತ್ತಿರಬೇಕು. 2014ರ ಸೋನಿ ಎ6000 ಒಂದು ಚಾರ್ಜಿನಲ್ಲಿ, ಕಿಂಡಿಯಲ್ಲಿ ನೋಡಿ ತೆಗೆದರೆ, ಅಳತೆಯ ಪ್ರಕಾರ ಸುಮಾರು 310 ಚಿತ್ರ. 2016ರ ನಿಕಾನ್ ಡಿ3400 ಎಂಬ ಕನ್ನಡಿ ಕ್ಯಾಮೆರಾ ಸುಮಾರು 1200. ಹಬ್ಬದ ದಿನದ ಪೂಜೆ, ತೇರಿನ ಮೆರವಣಿಗೆ, ಊಟ ಎಲ್ಲ ಮುಗಿಯುವವರೆಗೆ ಒಂದು ಬ್ಯಾಟರಿ ಬಾಳುವುದಿಲ್ಲ.

ಎರಡನೆಯದು ಲೆನ್ಸಿನ ತೂಕ. ಎ6000 ಕೇವಲ 344 ಗ್ರಾಂ. ಆದರೆ ಸೋನಿಯ 70-200 ಎಫ್2.8 ಲೆನ್ಸಿನ ಮೊದಲ ಆವೃತ್ತಿಯೊಂದೇ 1480 ಗ್ರಾಂ. ಕನ್ನಡಿ ತೆಗೆದರೂ ಗಾಜಿನ ತೂಕ ಇಳಿಯಲಿಲ್ಲ. ಚಿಕ್ಕ ಕ್ಯಾಮೆರಾ ಚಿಕ್ಕದಾಗಿಯೇ ಇರಬೇಕಾದರೆ ಚಿಕ್ಕ ಲೆನ್ಸಿಗೇ ತೃಪ್ತಿಪಡಬೇಕು.

ಮೂರನೆಯದು ಸೆನ್ಸರಿನ ಅಳತೆ. ಒಲಿಂಪಸ್, ಪ್ಯಾನಾಸೋನಿಕ್‌ಗಳ ಪುಟ್ಟ ಮಾದರಿಗಳಲ್ಲಿ ಅದು ಸುಮಾರು 17 × 13 ಮಿಲಿಮೀಟರ್. ಹಳೆಯ ಫಿಲ್ಮಿನ ಚೌಕ 36 × 24. ಬೆಳಕು ಕಡಿಮೆಯಾದಂತೆ ಚಿಕ್ಕ ಸೆನ್ಸರಿನಲ್ಲಿ ಮರಳಿನಂಥ ಕಣಗಳು ಬೇಗ ಕಾಣಿಸಿಕೊಳ್ಳುತ್ತವೆ.

ನಾಲ್ಕನೆಯದು ದೂಳು. ಬಹಳಷ್ಟು ಮಾದರಿಗಳಲ್ಲಿ ಲೆನ್ಸ್ ಬಿಚ್ಚಿದ ಕೂಡಲೇ ಸೆನ್ಸರ್ ಬಯಲಿಗೆ ಬೀಳುತ್ತದೆ. ಬೇಸಿಗೆಯ ಗಾಳಿಯಲ್ಲಿ, ಹೊಲದ ನಡುವೆ ಲೆನ್ಸ್ ಬದಲಿಸಬೇಡಿ.

ಐದನೆಯದು ಮೌನದ ಬೆಲೆ. ಸದ್ದಿಲ್ಲದ ಶಟರ್ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ನಮ್ಮ ಕರೆಂಟಿನಲ್ಲಿ ಟ್ಯೂಬ್‌ಲೈಟೂ ಹಲವು ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಚಿತ್ರದಲ್ಲಿ ಮಾತ್ರ ಅಡ್ಡಪಟ್ಟೆಗಳು ಬರುತ್ತವೆ. ಶಟರ್ ವೇಗವನ್ನು ಸೆಕೆಂಡಿನ 50ರಲ್ಲೊಂದು ಅಥವಾ 100ರಲ್ಲೊಂದು ಭಾಗಕ್ಕೆ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಹಾಗಾದರೆ ಏನು ಮಾಡೋಣ?

ಟ್ರೈಪ್‌ನ ಕೆಲಸ ನಿಂತದ್ದು ಖರ್ಚಿನ ಕಾರಣಕ್ಕೆ. 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ ಇದು ಸರ್ಕಾರಕ್ಕೆ ಹೊರೆಯೆಂದು ನಿಲ್ಲಿಸಿಬಿಟ್ಟರು. ಹತ್ತಾರು ಮನೆಯವರು ಕೂಡಿಸಿದ ದುಡ್ಡಿನಿಂದ ಕ್ಯಾಮೆರಾ ಕೊಳ್ಳುವ ಯುವಜನ ಸಂಘಕ್ಕೂ ಈ ಪಾಠ ಬೇಕು. ಮೊದಲು ಯಾವ ಕೆಲಸಕ್ಕೆ ಎಂದು ಬರೆದುಕೊಳ್ಳಿ. ಕಲ್ಲು, ಪುಸ್ತಕ, ಒಳಾಂಗಣ, ಮನೆಯವರ ಮುಖ, ಇವಿಷ್ಟೇ ಆದರೆ ಒಬ್ಬರು ಬಳಸಿ ಬಿಟ್ಟ ಚಿಕ್ಕ ಮಿರರ್‌ಲೆಸ್, ಒಂದು ಪುಟ್ಟ ಲೆನ್ಸ್, ಎರಡು ಬ್ಯಾಟರಿ ಸಾಕು. ದೂರದ ವೇದಿಕೆ, ಆಟದ ಮೈದಾನ, ಇಡೀ ದಿನದ ಮದುವೆ ಆದರೆ ಹಳೆಯ ಕನ್ನಡಿ ಕ್ಯಾಮೆರಾವೇ ಕಡಿಮೆ ದುಡ್ಡಿಗೆ ಹೆಚ್ಚು ದುಡಿಯಬಹುದು. ಹಗಲು ಬೆಳಕಿನ ನೆನಪಿನ ಚಿತ್ರಕ್ಕೆ ಕೈಯಲ್ಲಿರುವ ಮೊಬೈಲೇ ಸಾಕು, ಸಾಲ ಮಾಡಬೇಡಿ.

ಇನ್ನೊಂದು ಮಾತು. ಟ್ರೈಪ್ ತೆಗೆದ ಚಿತ್ರಗಳು 160 ವರ್ಷ ದಾಟಿಯೂ ಉಳಿದಿರುವುದು ಅವು ಕಾಗದದ ಮೇಲೆ ಇದ್ದುದರಿಂದ, ಪ್ರತಿಗಳು ಹಲವು ಕಡೆ ಹಂಚಿಹೋದುದರಿಂದ, ಯಾವ ಚಿತ್ರ ಎಲ್ಲಿಯದು ಎಂದು ಬರೆದಿಟ್ಟಿದ್ದರಿಂದ. ನಮ್ಮ ಮೆಮೊರಿ ಕಾರ್ಡಿಗೆ ಆ ಆಯುಸ್ಸಿಲ್ಲ. ಆದ್ದರಿಂದ ತೆಗೆದ ಚಿತ್ರವನ್ನು ಎರಡು ಬೇರೆ ಬೇರೆ ಕಡೆ ಇಡಿ. ಮುಖ್ಯವಾದವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ. ಹಿಂಬದಿಯಲ್ಲಿ ಊರು, ದಿನ, ಚಿತ್ರದಲ್ಲಿ ಇರುವವರ ಹೆಸರು ಬರೆಯಿರಿ. ಕ್ಯಾಮೆರಾ ಯಾವುದೇ ಇರಲಿ, ಈ ನಾಲ್ಕು ಸಾಲು ಬರೆಯುವ ಕೆಲಸವನ್ನು ಅದು ನಮಗಾಗಿ ಮಾಡಿಕೊಡುವುದಿಲ್ಲ.