ಹರ್ಪಿಸ್ ಸಿಂಪ್ಲೆಕ್ಸ್ ವೈರಾಣು

ಹರ್ಪಿಸ್ ಸಿಂಪ್ಲೆಕ್ಸ್ ವೈರಾಣು ಮನುಷ್ಯರ ಚರ್ಮ, ಲೋಳೆಪೊರೆ ಹಾಗೂ ನರಕೋಶಗಳಿಗೆ ಸೋಂಕು ತಗುಲಿಸುವ ಒಂದು ಡಿಎನ್‌ಎ ವೈರಾಣು. ಇದರಲ್ಲಿ ಎರಡು ವಿಧಗಳಿವೆ. ಎಚ್‌ಎಸ್‌ವಿ-1 ಸಾಮಾನ್ಯವಾಗಿ ತುಟಿ ಮತ್ತು ಬಾಯಿಯ ಸುತ್ತ, ಎಚ್‌ಎಸ್‌ವಿ-2 ಜನನಾಂಗಗಳಲ್ಲಿ ನೀರುಗುಳ್ಳೆಗಳನ್ನು ಉಂಟುಮಾಡುತ್ತದೆ. ಮೊದಲನೆಯದು ಜನನಾಂಗಕ್ಕೂ ಹರಡಬಲ್ಲದು. ಸರ್ಪಸುತ್ತು ಇದೇ ಕುಟುಂಬದ ಬೇರೊಂದು ವೈರಾಣುವಿನಿಂದ ಬರುವ ಕಾಯಿಲೆ.

ಹರಡುವ ಬಗೆ

ಸೋಂಕಿತ ಚರ್ಮ, ಜೊಲ್ಲು ಅಥವಾ ಗುಳ್ಳೆಯ ದ್ರವದ ನೇರ ಸಂಪರ್ಕದಿಂದ, ಮುಖ್ಯವಾಗಿ ಚುಂಬನ ಮತ್ತು ಲೈಂಗಿಕ ಸಂಪರ್ಕದಿಂದ ಇದು ಹರಡುತ್ತದೆ. ಗುಳ್ಳೆಗಳಿರುವಾಗ ಅಪಾಯ ಹೆಚ್ಚು. ಆದರೆ ಯಾವ ಲಕ್ಷಣವೂ ಇಲ್ಲದವರಿಂದಲೂ ಸೋಂಕು ತಗುಲಬಹುದು. ಕಾಂಡೋಮ್ ಬಳಕೆ ಅಪಾಯವನ್ನು ತಗ್ಗಿಸುತ್ತದೆ, ಪೂರ್ಣವಾಗಿ ನಿವಾರಿಸುವುದಿಲ್ಲ. ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ತಗುಲುವುದು ವಿರಳವಾದರೂ ಮಾರಣಾಂತಿಕವಾಗಬಲ್ಲದು.

ಸುಪ್ತಾವಸ್ಥೆ ಮತ್ತು ಚಿಕಿತ್ಸೆ

ಗುಳ್ಳೆಗಳು ಮಾಯವಾದ ಬಳಿಕವೂ ವೈರಾಣು ನರಗ್ರಂಥಿಗಳಲ್ಲಿ ಜೀವನಪರ್ಯಂತ ಸುಪ್ತವಾಗಿ ಉಳಿಯುತ್ತದೆ. ಜ್ವರ, ಬಿಸಿಲು, ಮಾನಸಿಕ ಒತ್ತಡ ಅಥವಾ ರೋಗನಿರೋಧಕ ಶಕ್ತಿಯ ಕುಸಿತದಿಂದ ಅದು ಮತ್ತೆ ಸಕ್ರಿಯವಾಗಬಹುದು. ಮೊದಲ ಗುಳ್ಳೆಗಳು ಸೋಂಕು ತಗುಲಿದ ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ, ಅವುಗಳ ಆಧಾರದ ಮೇಲೆ ಸೋಂಕು ಯಾವಾಗ, ಯಾರಿಂದ ಬಂದಿತೆಂದು ನಿರ್ಣಯಿಸಲಾಗದು. ಅಸೈಕ್ಲೋವಿರ್ ಮುಂತಾದ ಔಷಧಿಗಳು ವೈರಾಣುವಿನ ವೃದ್ಧಿಯನ್ನು ತಡೆದು ರೋಗದ ಅವಧಿಯನ್ನು ಕಡಿಮೆ ಮಾಡುತ್ತವೆ. ಸುಪ್ತ ವೈರಾಣುವನ್ನು ದೇಹದಿಂದ ತೊಲಗಿಸುವುದಿಲ್ಲ.