ಇಆರ್‌ಸಿಪಿ ನಂತರದ ಪಿತ್ತಕೋಶದ ಸೋಂಕು

ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ ಅಥವಾ ಸ್ಟೆಂಟ್ ಕೂರಿಸುವ ಚಿಕಿತ್ಸೆಯೇ ಇಆರ್‌ಸಿಪಿ. ಅದರ ಬಳಿಕ ಕೆಲವರಲ್ಲಿ ಪಿತ್ತಕೋಶ ಊದಿಕೊಂಡು ಸೋಂಕಾಗುತ್ತದೆ. ಎಕ್ಸ್‌ರೇಗಾಗಿ ನಾಳಕ್ಕೆ ತುಂಬುವ ದ್ರಾವಣದ ಜೊತೆ ಕರುಳಿನ ಬ್ಯಾಕ್ಟೀರಿಯಾಗಳೂ ಮೇಲೇರುತ್ತವೆ. ಪಿತ್ತಕೋಶದ ಕೊರಳಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ಇಲ್ಲವೇ ಸ್ಟೆಂಟ್ ಅದರ ದಾರಿಗೆ ಅಡ್ಡವಾದರೆ, ಒಳಗಿನ ಪಿತ್ತರಸ ಹೊರಬರಲಾರದೆ ಕೆಡುತ್ತದೆ.

1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು ಎಂಡೋಸ್ಕೋಪ್ ಬಳಸಿ ನಾಳದ ಬಾಯಿಯೊಳಗೆ ಕೊಳವೆ ತೂರಿಸಿದರು. 1974ರಲ್ಲಿ ಜಪಾನಿನ ಕವಾಯಿ, ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್ ಆ ಬಾಯಿಯ ಸ್ನಾಯುವನ್ನು ಸೀಳಿ ಕಲ್ಲಿಗೆ ದಾರಿ ಮಾಡಿದರು. ಹೊಟ್ಟೆ ಕೊಯ್ಯದೆ ಕಾಮಾಲೆ ಇಳಿಸುವ ಈ ವಿದ್ಯೆ ಬೇಗ ಹರಡಿತು. ತೊಡಕುಗಳ ಲೆಕ್ಕ ತಡವಾಗಿ ಬಂತು. 1996ರಲ್ಲಿ ಫ್ರೀಮನ್ ತಂಡ ಸ್ನಾಯು ಸೀಳಿಸಿಕೊಂಡ 2,347 ಜನರನ್ನು ಪರಿಶೀಲಿಸಿದಾಗ ಮೇದೋಜೀರಕ ಗ್ರಂಥಿಯ ಉರಿಯೂತ ಶೇ. 5.4, ಪಿತ್ತಕೋಶದ ಸೋಂಕು ಶೇ. 0.5 ಇತ್ತು. ಪ್ರಮಾಣ ಚಿಕ್ಕದು, ಆದರೆ ನಾಳ ಶುದ್ಧವಾದರೂ ಕಲ್ಲು ತುಂಬಿದ ಪಿತ್ತಕೋಶ ಹಾಗೇ ಉಳಿಯುತ್ತದೆಂಬುದೇ ಮುಖ್ಯ. 2002ರ ಡಚ್ ಅಧ್ಯಯನದಲ್ಲಿ ಪಿತ್ತಕೋಶ ಉಳಿಸಿಕೊಂಡು ಕಾದವರಲ್ಲಿ ಶೇ. 47 ಮಂದಿಗೆ ಪಿತ್ತದ ತೊಂದರೆ ಮರುಕಳಿಸಿತು, ತೆಗೆಸಿಕೊಂಡವರಲ್ಲಿ ಶೇ. 2. ಶಸ್ತ್ರಚಿಕಿತ್ಸೆ ತಾಳಬಲ್ಲವರಿಗೆ ಪಿತ್ತಕೋಶವನ್ನು ಬೇಗ ತೆಗೆಯುವ ಪದ್ಧತಿಗೆ ಇದು ಬಲವಾದ ಆಧಾರ.

ನಮ್ಮಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನ ಇಂಥ ಚಿಕಿತ್ಸೆಗೆ ಹೆಚ್ಚಾಗಿ ನೆಚ್ಚುವುದು ಬೆಂಗಳೂರನ್ನೇ. ಕಾಮಾಲೆಗೆ ನಾಟಿ ಔಷಧಿ ಕುಡಿದು ಕಾಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಕಲ್ಲು ಅಡ್ಡಗಟ್ಟಿದ ಕಾಮಾಲೆಗೆ ಆ ಕಾಯುವಿಕೆ ಅಪಾಯಕಾರಿ.

ಇಆರ್‌ಸಿಪಿ, ಸ್ಟೆಂಟ್ ಎಂಬ ಮಾತುಗಳು ನಾಡಿನ ಮನೆಮನೆಗೆ ತಲುಪಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಅನಾರೋಗ್ಯದ ದಿನಗಳಲ್ಲಿ. ಬೆಂಗಳೂರಿನಲ್ಲಿ ಅವರ ಪಿತ್ತನಾಳಕ್ಕೆ ಹಲವು ಸ್ಟೆಂಟ್‌ಗಳನ್ನು ಅಳವಡಿಸಲಾಗಿತ್ತು. ಸೋಂಕು ಮರುಕಳಿಸಿದಾಗ 2018ರ ಡಿಸೆಂಬರ್‌ನಲ್ಲಿ ಚೆನ್ನೈನ ರೇಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆ ವಯಸ್ಸಿನಲ್ಲಿ ಅದನ್ನು ತಾಳಿಕೊಂಡು ಮಠಕ್ಕೆ ಮರಳಿದ್ದು ಭಕ್ತರಿಗೂ ವೈದ್ಯರಿಗೂ ಅಚ್ಚರಿಯೇ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ಅವರದು ಪಿತ್ತನಾಳದ ಸೋಂಕು, ಪಿತ್ತಕೋಶದ್ದು ಬೇರೆ. ಆದರೂ ಪಿತ್ತರಸದ ಹರಿವು ನಿಲ್ಲುವುದೇ ಎರಡಕ್ಕೂ ದಾರಿ.

ಇಆರ್‌ಸಿಪಿ ಚಿಕಿತ್ಸೆಯಾಗಿ ಊರಿಗೆ ಮರಳಿದ ಮೇಲೂ ಪಿತ್ತಕೋಶದ ಸೋಂಕು ಕಾಣಿಸಿಕೊಳ್ಳಬಹುದು. ಬಲ ಪಕ್ಕೆಲುಬಿನ ಕೆಳಗೆ ಬಿಡದ ನೋವು, ಚಳಿಜ್ವರ, ವಾಂತಿ ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಟಿಕ್ ಸ್ಟೆಂಟ್ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಕಟ್ಟಿಕೊಳ್ಳತೊಡಗುವುದರಿಂದ, ಅದನ್ನು ತೆಗೆಸುವ ಅಥವಾ ಬದಲಿಸುವ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು.